ಛೂ ಅನ್ನುವ ಮೊದಲು ‘ಬಾ’: ಪೂಡಲ್ ಮರಿಗೆ ಬೇಟೆನಾಯಿಯ ಪಾಠ

ಮಂಡ್ಯದ ಕಡೆ ಪೂಡಲ್ ಮರಿಯನ್ನು ಬೀದಿಗೆ ಕರೆತಂದರೆ ಮೊದಲು ಕೇಳಿಬರುವ ಪ್ರಶ್ನೆ, ‘ಇದ್ಯಾವ್ ಕುರಿಮರಿ ಸಾ?’ ಬಂಡೂರು ಕುರಿಯ ಸೀಮೆಯಲ್ಲಿ ಗುಂಗುರು ಕೂದಲಿನ ಪ್ರಾಣಿ ಕಂಡರೆ ಹಾಗೆ ಕೇಳುವುದು ಸಹಜವೇ. ಅದನ್ನು ಬೇಟೆನಾಯಿಯಾಗಿ ಪಳಗಿಸುತ್ತಿದ್ದೇವೆ ಎಂದರೆ ನಗು ಇನ್ನೂ ಜೋರಾಗುತ್ತದೆ. ಆದರೆ ಪೂಡಲ್‌ನ ಕುಲಕಸುಬೇ ಬೇಟೆ. ಯುರೋಪಿನ ಕೆರೆ, ಜೌಗುಗಳಲ್ಲಿ ಗುಂಡೇಟಿಗೆ ನೀರಿಗೆ ಬಿದ್ದ ಬಾತುಗಳನ್ನು ಈಜಿ ಹೋಗಿ ಬಾಯಲ್ಲಿ ಹಿಡಿದು ತಂದು ಯಜಮಾನನ ಕೈಗೆ ಒಪ್ಪಿಸುವುದಕ್ಕೇ ಈ ತಳಿಯನ್ನು ಬೆಳೆಸಿದರು. ನಾಯಿ ಪ್ರದರ್ಶನಗಳಲ್ಲಿ ಕಾಣುವ ಅದರ ವಿಚಿತ್ರ ಕ್ಷೌರದ ಮೂಲವೂ ಅಲ್ಲೇ ಇದೆ. ಈಜಲು ಹಗುರಾಗಲಿ ಎಂದು ಹಿಂಭಾಗ ಬೋಳಿಸುತ್ತಿದ್ದರು, ತಣ್ಣೀರಿನ ಚಳಿ ತಾಗದಿರಲಿ ಎಂದು ಎದೆ ಮತ್ತು ಕೀಲುಗಳ ಮೇಲೆ ಕೂದಲು ಬಿಡುತ್ತಿದ್ದರು. 1988ರಿಂದ 1991ರವರೆಗೆ ಜಾನ್ ಸೂಟರ್ ಎಂಬಾತ ಅಲಾಸ್ಕದ ಇಡಿಟರಾಡ್ ಹಿಮಬಂಡಿ ಓಟದಲ್ಲಿ ಪೂಡಲ್‌ಗಳನ್ನು ಕಟ್ಟಿ ಓಡಿಸಿದ. ಸೋಫಾ ಮೇಲೆ ಕೂರಿಸಿ ರಿಬ್ಬನ್ ಕಟ್ಟುವ ನಾಯಿ ಎಂಬ ಹೆಸರು ಅದಕ್ಕೆ ಬೇಟೆಯ ಕೆಲಸದ ನಂತರ ಅಂಟಿಕೊಂಡದ್ದು.

ಮರಿ ತರುವ ಮೊದಲೇ ಒಂದು ವಿಷಯ ತಿಳಿದಿರಬೇಕು. ನಮ್ಮಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎನ್ನುವುದು ಕೊಲ್ಲುವುದಕ್ಕೆ ಮಾತ್ರವಲ್ಲ. ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು, ಸೋವುವುದು, ಉರುಳು ಒಡ್ಡುವುದು, ಹಿಡಿಯುವುದು, ಇವಕ್ಕೆ ಪ್ರಯತ್ನಿಸುವುದು ಎಲ್ಲವೂ ಅದರಲ್ಲಿ ಸೇರಿದೆ. ಹೊಲದಲ್ಲಿ ಎದ್ದ ಮೊಲದ ಹಿಂದೆ ನಾಯಿ ಬಿಟ್ಟು ‘ಹಿಡ್ಕೊ’ ಅಂದರೆ ಅಷ್ಟೇ ಸಾಕು, ಮೊಲ ಸಿಗಬೇಕೆಂದೇನೂ ಇಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಶಿಕ್ಷೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲು, ಉಡದಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು. ಯುಗಾದಿಯ ಹೊಸತೊಡಕಿಗೆ ಬಲೆ, ದೊಣ್ಣೆ, ನಾಯಿ ಕಟ್ಟಿಕೊಂಡು ಮೊಲಕ್ಕೆ ಹೋಗುತ್ತಿದ್ದ ಹಳೆಯ ರೂಢಿಗೂ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಹೊಸತೊಡಕಿಗೆ ಅಂಗಡಿಯ ಮಾಂಸವೇ ಸಾಕು.

ಹಾಗಾದರೆ ಈ ಲೇಖನ ಏಕೆ? ಬೇಟೆನಾಯಿಗೆ ಬೇಕಾದ ವಿದ್ಯೆಯಲ್ಲಿ ಕೊಲ್ಲುವ ಭಾಗ ತೀರ ಸಣ್ಣದು. ವಾಸನೆ ಹಿಡಿದು ಹುಡುಕುವುದು, ಹುಡುಕಿದ್ದನ್ನು ಹಲ್ಲು ಊರದೆ ತರುವುದು, ಸದ್ದಿಗೆ ಬೆದರದಿರುವುದು, ನೀರಿಗೆ ಹಿಂಜರಿಯದಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಓಡುತ್ತಿರುವಾಗಲೇ ಕರೆದರೆ ತಿರುಗಿ ಬರುವುದು. ಇವಿಷ್ಟನ್ನೂ ಒಂದು ಜೀವಕ್ಕೂ ತೊಂದರೆ ಕೊಡದೆ ಮಂಡ್ಯದ ಗದ್ದೆ ಬಯಲಿನಲ್ಲೇ ಕಲಿಸಬಹುದು. ಪೂಡಲ್‌ಗೂ ಇದು ಬೇಕೇ ಬೇಕು. ಬುದ್ಧಿವಂತ ನಾಯಿ ಕೆಲಸವಿಲ್ಲದೆ ಕೂತರೆ ಚಪ್ಪಲಿ ಕಡಿಯುತ್ತದೆ, ದಿನವಿಡೀ ಬೊಗಳುತ್ತದೆ.

ಬೇಟೆನಾಯಿಯ ಗೌರವ ಈ ನೆಲಕ್ಕೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಕಲ್ಲು ಅದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಗಂಗರ ಅರಸ ಬೂತುಗ ‘ಏನು ಬೇಕು ಕೇಳು’ ಎಂದಾಗ, ಅವನು ಬೇಡಿದ್ದು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು. ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ನಾಯಿ ಹಂದಿಗಳ ಕಾಳಗದ ಕೆತ್ತನೆಯಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಸಾವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಸರಿಯೇ. ಆದರೆ ಹಂದಿಯ ಕೋರೆಗೆ ಸಿಕ್ಕ ನಾಯಿಯ ಗತಿ ಸಾವಿರ ವರ್ಷದ ಹಿಂದೆ ಏನಾಗಿತ್ತೋ ಇಂದೂ ಅದೇ. ಪೂಡಲ್ ಅಂತೂ ಹಂದಿಯ ಮುಂದೆ ನಿಲ್ಲುವ ನಾಯಿಯೇ ಅಲ್ಲ. ಕಬ್ಬಿಗೆ ಹಂದಿ ನುಗ್ಗಿದರೆ ಅರಣ್ಯ ಇಲಾಖೆಗೆ ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿ, ನಾಯಿಯನ್ನು ಬಿಡಬೇಡಿ.

ಮರಿ ಆಯ್ಕೆಯ ಮಾತು. ಪೂಡಲ್‌ನಲ್ಲಿ ಅಳತೆಗಳಿವೆ. ಭುಜದ ಹತ್ತಿರ ಹದಿನೈದು ಅಂಗುಲಕ್ಕಿಂತ ಎತ್ತರದ್ದು ಸ್ಟ್ಯಾಂಡರ್ಡ್, ಹತ್ತರಿಂದ ಹದಿನೈದು ಅಂಗುಲದ್ದು ಮಿನಿಯೇಚರ್, ಅದಕ್ಕೂ ಕೆಳಗೆ ಟಾಯ್. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಸಿಗುವುದು ಟಾಯ್. ಗದ್ದೆ, ನೀರು ಎಂದು ಓಡಾಡಿಸಬೇಕಾದರೆ ಸ್ಟ್ಯಾಂಡರ್ಡ್ ಒಳ್ಳೆಯದು. ಮಿನಿಯೇಚರ್ ಕೂಡ ನಡೆಯುತ್ತದೆ. ಟಾಯ್ ಇದ್ದರೆ ವಾಸನೆಯ ಆಟಗಳಷ್ಟೇ ಸಾಕು, ಹದ್ದು ಎತ್ತಿಕೊಂಡು ಹೋಗುವಷ್ಟು ಸಣ್ಣ ಮರಿಯನ್ನು ಬಯಲಿಗೆ ಬಿಡುವುದು ಬೇಡ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಸಾಕಣೆದಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಹಿಂದೇಟು ಹಾಕುವವರ ಬಳಿ ಕೊಳ್ಳಬೇಡಿ. ಈ ತಳಿಯಲ್ಲಿ ದೃಷ್ಟಿಪಟಲ ಸವೆದು ಕಣ್ಣು ಕಾಣದಾಗುವ ವಂಶಪಾರಂಪರ್ಯ ಕಾಯಿಲೆ ಇದೆ, ಸಣ್ಣ ಪೂಡಲ್‌ಗಳಲ್ಲಿ ಮಂಡಿಚಿಪ್ಪು ಜಾರುವುದೂ ಉಂಟು. ತಾಯಿ ತಂದೆಗೆ ಇವು ಇದ್ದವೇ ಎಂದು ವಿಚಾರಿಸಬೇಕು.

‘ಬೇಟೆನಾಯಿ ಬೇಕಿದ್ದರೆ ಮುಧೋಳ ತರಬಾರದಿತ್ತೇ’ ಎನ್ನುವವರೂ ಇದ್ದಾರೆ. ಬಾಗಲಕೋಟೆ ಜಿಲ್ಲೆಯ ಆ ನಾಯಿ ನಮ್ಮ ಹೆಮ್ಮೆ ಹೌದು. ಅದರ ಹೆಸರಿನಲ್ಲಿ 2005ರಲ್ಲಿ ಅಂಚೆಚೀಟಿ ಬಂದಿದೆ, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ಜಾತಿ. ಒಮ್ಮೆ ಓಟ ಕಿತ್ತರೆ ಕರೆಯುವ ನಿಮ್ಮ ದನಿ ಅದಕ್ಕೆ ಕೇಳಿಸುವುದೇ ಕಷ್ಟ. ಪೂಡಲ್ ಹಾಗಲ್ಲ. ಓಡುತ್ತಲೇ ತಿರುಗಿ ಯಜಮಾನನ ಮುಖ ನೋಡುವ ಬುದ್ಧಿ ಅದಕ್ಕೆ ಹುಟ್ಟಿನಿಂದಲೇ ಇರುತ್ತದೆ. ನಾಲೆ, ರಸ್ತೆ, ಕುರಿಮಂದೆ, ನವಿಲು ಒತ್ತೊತ್ತಾಗಿರುವ ನಮ್ಮ ಊರುಗಳಿಗೆ ಹೊಂದುವುದು ಈ ಗುಣವೇ.

ಮರಿ ಮನೆಗೆ ಬಂದ ಮೇಲೆ ನಾಲ್ಕು ತಿಂಗಳು ತುಂಬುವವರೆಗಿನ ಅವಧಿ ಬಹಳ ಮುಖ್ಯ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ಸಹಜವಾಗುತ್ತದೆ. ಆಗ ಕಾಣದೇ ಇದ್ದದ್ದಕ್ಕೆ ಜೀವನವಿಡೀ ಬೆದರಬಹುದು. ಲಸಿಕೆಯ ಸರಣಿ ಮುಗಿಯುವ ಮೊದಲು ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸಬಾರದು, ಪಾರ್ವೋ ಎಂಬ ವಾಂತಿಭೇದಿ ರೋಗ ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಲ್ಲುತ್ತದೆ. ಆದರೆ ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಮದ್ದೂರಿನ ರೈಲು ನಿಲ್ದಾಣ, ಸಂತೆ, ಕಬ್ಬಿನ ಲೋಡು ಹೊತ್ತ ಟ್ರ್ಯಾಕ್ಟರ್‌ಗಳ ಸಾಲು, ಆಲೆಮನೆಯ ಗಾಣದ ಸದ್ದು, ಮದುವೆ ಮನೆಯ ತಮಟೆ. ಮೊದಲು ದೂರದಿಂದ ತೋರಿಸಿ. ಮರಿ ಕಿವಿ ನಿಮಿರಿಸಿ ನೋಡಿ ಸುಮ್ಮನಾದರೆ ಒಂದು ತುಣುಕು ತಿಂಡಿ. ನಡುಗಿದರೆ ಇನ್ನೂ ಹಿಂದಕ್ಕೆ ಸರಿಯಿರಿ, ‘ಏನಾಗಲ್ಲ ಕಣೋ’ ಎಂದು ಬಲವಂತವಾಗಿ ಹತ್ತಿರ ಒಯ್ಯಬೇಡಿ. ಆಲೆಮನೆಯಲ್ಲಿ ಬೆಲ್ಲ ಕಾಯುವ ಕೊಪ್ಪರಿಗೆಯ ಹತ್ತಿರ ಮಾತ್ರ ಕೆಳಗಿಳಿಸಲೇಬಾರದು. ಲಸಿಕೆ ಆರರಿಂದ ಎಂಟು ವಾರದೊಳಗೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಮರುಲಸಿಕೆಯೊಂದಿಗೆ ಹದಿನಾರು ವಾರದವರೆಗೆ ನಡೆಯುತ್ತದೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಗದ್ದೆ ಬಯಲಿನ ನಾಯಿಗೆ ಇಲಿಜ್ವರದ ಲಸಿಕೆಯೂ ಸೇರಿದೆಯೇ ಎಂದು ಪಶುವೈದ್ಯರನ್ನು ಕೇಳಿಕೊಳ್ಳಿ. ನಿಂತ ನೀರಿನಲ್ಲಿ ಇಲಿ ಉಚ್ಚೆಯಿಂದ ಹರಡುವ ಕಾಯಿಲೆ ಅದು, ನಾಯಿಯಿಂದ ಮನುಷ್ಯರಿಗೂ ಬರುತ್ತದೆ.

ಇದೇ ವಯಸ್ಸಿನಲ್ಲಿ ‘ಬಾ’ ಶುರುವಾಗಬೇಕು. ಹೆಚ್ಚಿನ ಮನೆಗಳಲ್ಲಿ ಏನಾಗುತ್ತದೆ ನೋಡಿ. ಅಜ್ಜ ‘ಬಾರ್ಲಾ’ ಅನ್ನುತ್ತಾರೆ, ಅಮ್ಮ ಹೆಸರು ಹಿಡಿದು ಕೂಗುತ್ತಾರೆ, ಸ್ಕೂಲಿಗೆ ಹೋಗುವ ಮಗ ‘ಕಮ್ ಕಮ್’ ಅನ್ನುತ್ತಾನೆ. ಎಲ್ಲರೂ ಸೇರಿ ಬೇಗ ಕಲಿಸುವುದು ಮಾತ್ರ ‘ಛೂ’. ಮರಿ ಕೋಳಿಯ ಹಿಂದೆ ಓಡಿದರೆ ಮನೆಯವರಿಗೆಲ್ಲ ತಮಾಷೆ. ದೊಡ್ಡದಾದ ಮೇಲೆ ಅದೇ ನಾಯಿ ಪಕ್ಕದ ಮನೆಯ ಕುರಿಮರಿ ಕಚ್ಚಿದಾಗ ಪಂಚಾಯ್ತಿ. ಬೆನ್ನಟ್ಟುವುದನ್ನು ಯಾರೂ ಯಾವ ನಾಯಿಗೂ ಕಲಿಸಬೇಕಿಲ್ಲ, ಅದು ರಕ್ತದಲ್ಲೇ ಇದೆ. ಕಲಿಸಬೇಕಾದ್ದು ನಿಲ್ಲುವುದನ್ನು, ತಿರುಗುವುದನ್ನು. ಆದ್ದರಿಂದ ಮರಿ ಬಂದ ದಿನವೇ ಮನೆಯವರೆಲ್ಲ ಕೂತು ಐದು ಮಾತು ಗೊತ್ತು ಮಾಡಿಕೊಳ್ಳಿ: ಬಾ, ಕೂತ್ಕೊ, ನಿಲ್ಲು, ತಾ, ಬಿಡು. ಯಾವ ಭಾಷೆಯಾದರೂ ಆದೀತು, ಎಲ್ಲರ ಬಾಯಲ್ಲೂ ಒಂದೇ ಇರಬೇಕು. ‘ಬಾ’ ಎಂದಾಗಲೆಲ್ಲ ಏನಾದರೂ ಒಳ್ಳೆಯದು ಸಿಗಬೇಕು. ಬೇಯಿಸಿದ ಕೋಳಿ ಈಲಿಯ ಚೂರು, ಕಡಲೆಕಾಯಿ ಗಾತ್ರದ್ದು, ಸಾಕು. ಸ್ನಾನ ಮಾಡಿಸಲು, ಔಷಧಿ ಹಾಕಲು, ಬೈಯಲು ‘ಬಾ’ ಎಂದು ಕರೆಯಬೇಡಿ. ಅದಕ್ಕೆ ನೀವೇ ಎದ್ದು ಹೋಗಿ. ಕರೆದ ಮೇಲೆ ತಡವಾಗಿ ಬಂದ ನಾಯಿಗೆ ಎರಡೇಟು ಹಾಕುವವರು, ಬಂದರೆ ಏಟು ಎಂದು ಕಲಿಸುತ್ತಿದ್ದಾರೆ, ಅಷ್ಟೇ. ಮೂರು ತಿಂಗಳಾದ ಮೇಲೆ ಮಾತಿನ ಜೊತೆಗೆ ಸೀಟಿಯೂ ಸೇರಲಿ. ಎರಡು ಚಿಕ್ಕ ಊದು ಎಂದರೆ ಬಾ, ಒಂದು ಉದ್ದ ಊದು ಎಂದರೆ ನಿಲ್ಲು. ಗಾಳಿ ಬೀಸುವ ಬಯಲಿನಲ್ಲಿ ದನಿಗಿಂತ ಸೀಟಿ ದೂರ ಕೇಳುತ್ತದೆ, ಸೀಟಿಯಲ್ಲಿ ಕೋಪವೂ ಇರುವುದಿಲ್ಲ.

ತಂದುಕೊಡುವ ಪಾಠ ಮನೆಯ ನಡುಮನೆಯಲ್ಲೇ ಆಗುತ್ತದೆ. ಹಳೆಯ ಕಾಲುಚೀಲ ಸುತ್ತಿ ಉಂಡೆ ಮಾಡಿ, ಗೋಡೆಗೋಡೆಗಳ ನಡುವಿನ ಕಿರಿದಾದ ಜಾಗದಲ್ಲಿ ನಾಲ್ಕಡಿ ದೂರ ಎಸೆಯಿರಿ. ಎತ್ತಿಕೊಂಡ ಮರಿಗೆ ನಿಮ್ಮ ಕಡೆ ಬರುವುದು ಬಿಟ್ಟು ಬೇರೆ ದಾರಿ ಇರಬಾರದು. ಬಂದ ಕೂಡಲೇ ಉಂಡೆ ಕಸಿಯಬೇಡಿ. ಎದೆ ಸವರಿ, ಒಂದು ಕ್ಷಣ ಹಿಡಿದಿರಲು ಬಿಟ್ಟು, ಮೂಗಿನ ಬಳಿ ಈಲಿ ಚೂರು ಹಿಡಿದು ‘ಬಿಡು’ ಅನ್ನಿ. ಎರಡು ಮೂರು ಸಲ ಆದ ಮೇಲೆ ಉಂಡೆ ಎತ್ತಿಟ್ಟುಬಿಡಿ, ಇನ್ನೂ ಬೇಕು ಎನ್ನುವಾಗಲೇ ಆಟ ನಿಲ್ಲಬೇಕು. ಹಗ್ಗಜಗ್ಗಾಟ ಆಡಬೇಡಿ, ಹಲ್ಲೂರಿ ಹಿಡಿಯುವುದನ್ನು ಅದು ಕಲಿಸುತ್ತದೆ. ಮೆತ್ತಗೆ ಹಿಡಿಯುತ್ತಿದೆಯೇ ಎಂದು ಪರೀಕ್ಷಿಸಲು ಆರು ತಿಂಗಳ ಮೇಲೆ ಬೇಯಿಸಿದ ಮೊಟ್ಟೆಯೊಂದನ್ನು ಕೊಟ್ಟು ನೋಡಿ. ಮೊದಲ ಕೆಲವನ್ನು ನುಂಗಿಬಿಡುತ್ತದೆ, ಬೈಯಬೇಡಿ.

ಮೂಗಿನ ಪಾಠ ಇವೆಲ್ಲಕ್ಕಿಂತ ಸೊಗಸು. ಭತ್ತ ಕೊಯ್ದ ಗದ್ದೆ ಇದಕ್ಕೆ ಹೇಳಿಮಾಡಿಸಿದ ಜಾಗ. ಬೆಳಗಿನ ಹೊತ್ತು, ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಬಾರದು. ತೇವ ನೆಲ ವಾಸನೆಯನ್ನು ಹಿಡಿದಿಡುತ್ತದೆ, ಬಿಸಿಲೇರಿದರೆ ಅದು ಚದುರಿಹೋಗುತ್ತದೆ. ಕೋಳಿಯ ಚರ್ಮದ ತುಂಡೊಂದನ್ನು ದಾರಕ್ಕೆ ಕಟ್ಟಿ, ಮರಿ ನೋಡದ ಹಾಗೆ ಹದಿನೈದು ಅಡಿ ನೇರ ಎಳೆದುಕೊಂಡು ಹೋಗಿ, ಕೊನೆಯಲ್ಲಿ ತಿಂಡಿಯ ಪುಟ್ಟ ಗುಡ್ಡೆ ಇಡಿ. ಶುರುವಿನ ಜಾಗಕ್ಕೆ ಕಡ್ಡಿ ನೆಡಿ, ಇಲ್ಲದಿದ್ದರೆ ಐದು ನಿಮಿಷದಲ್ಲಿ ನಿಮಗೇ ಜಾಡು ತಪ್ಪುತ್ತದೆ. ಮರಿಯನ್ನು ಕಡ್ಡಿಯ ಬಳಿ ತಂದು ಬೆರಳಲ್ಲಿ ನೆಲ ತೋರಿಸಿ ‘ಹುಡುಕು’ ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಮೂಗು ಕೂಳೆಗೆ ತಗಲುತ್ತದೆ, ಬಾಲ ಎತ್ತರವಾಗುತ್ತದೆ, ಉಸಿರು ಚಿಕ್ಕ ಚಿಕ್ಕದಾಗಿ ಪುಸುಪುಸು ಎನ್ನುತ್ತದೆ. ದಾರಿ ತಪ್ಪಿ ಬದುವಿನ ಕಡೆ ಹೋಯಿತೆನ್ನಿ, ಹಗ್ಗ ಎಳೆಯದೆ ನಿಂತಲ್ಲೇ ನಿಲ್ಲಿ. ಅದು ತಲೆ ಎತ್ತುತ್ತದೆ, ಗಾಳಿ ಮೂಸುತ್ತದೆ, ಅರ್ಧ ಸುತ್ತು ಹಾಕಿ ಮತ್ತೆ ಜಾಡಿಗೆ ಬೀಳುತ್ತದೆ. ಈ ತಪ್ಪಿ ಸಿಗುವುದರಲ್ಲೇ ಕಲಿಕೆ ಇರುವುದು, ಬೆರಳು ತೋರಿಸಿ ನೀವೇ ಮುಗಿಸಿಕೊಟ್ಟರೆ ನಾಯಿ ಮೂಗಿನ ಬದಲು ನಿಮ್ಮ ಬೆರಳನ್ನೇ ನಂಬುತ್ತದೆ.

ನೇರ ಜಾಡು ಸಲೀಸಾದ ಮೇಲೆ ಒಂದು ತಿರುವು, ಆಮೇಲೆ ಬದು ದಾಟುವ ಜಾಡು, ಆಮೇಲೆ ಅರ್ಧ ಗಂಟೆ ಹಳೆಯದಾದ ಜಾಡು. ಕೊನೆಗೆ ಕೋಳಿ ಚರ್ಮ ಬಿಟ್ಟು ಮನೆಯವರ ವಾಸನೆಗೆ ಬನ್ನಿ. ಮಗನನ್ನು ಹುಲ್ಲಿನ ಮೆದೆಯ ಹಿಂದೆ ಕೂರಿಸಿ, ಅವನ ಅಂಗಿ ಮೂಸಿಸಿ ಹುಡುಕಲು ಬಿಡಿ. ತೋಟದಲ್ಲಿ ಬಿದ್ದುಹೋದ ಬೀಗದ ಕೈ, ಮೊಬೈಲ್ ಹುಡುಕುವ ಮಟ್ಟಕ್ಕೂ ಪೂಡಲ್ ಬರುತ್ತದೆ. ಬೇಟೆಯ ಮೂಗು ಕಾಡಿನ ಕಾವಲಿಗೂ ಆಗುತ್ತದೆ ಎಂಬುದನ್ನು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ತೋರಿಸಿಕೊಟ್ಟಿದೆ. ಬೇಟೆಗಾರರನ್ನೇ ಹುಡುಕುವುದು ಅದರ ಕೆಲಸವಾಗಿತ್ತು.

ನೀರಿಗೆ ಅವಸರ ಬೇಡ. ಲಸಿಕೆಗಳು ಮುಗಿದು, ಮರಿಗೆ ಐದು ತಿಂಗಳು ತುಂಬಿದ ಮೇಲೆ, ದಡ ಇಳಿಜಾರಾಗಿ ತಳ ಕಾಣುವ ಕೆರೆಯಂಚಿನಲ್ಲಿ ನೀವು ಮೊದಲು ಮಂಡಿಯವರೆಗೆ ಇಳಿಯಿರಿ, ಮರಿ ತಾನಾಗಿ ಹಿಂದೆ ಬರಲಿ. ಎತ್ತಿ ಎಸೆಯುವುದು ಈಜು ಕಲಿಸುವ ವಿಧಾನವಲ್ಲ, ನೀರಿನ ಭಯ ಕಲಿಸುವ ವಿಧಾನ. ಮುಚ್ಚಳ ಬಿಗಿದ ಖಾಲಿ ಬಾಟಲಿಗೆ ಬಟ್ಟೆ ಸುತ್ತಿದರೆ ತೇಲುವ ಆಟಿಕೆ ಸಿದ್ಧ. ವಿಶ್ವೇಶ್ವರಯ್ಯ ನಾಲೆಯಲ್ಲಿ ಮಾತ್ರ ಯಾವ ಕಾರಣಕ್ಕೂ ಬೇಡ. ಸೆಳವು ಜೋರು, ಕಾಂಕ್ರೀಟಿನ ಓರೆ ಗೋಡೆಯಲ್ಲಿ ನಾಯಿಯ ಉಗುರು ನಿಲ್ಲುವುದಿಲ್ಲ, ಇಳಿದ ಮನುಷ್ಯನಿಗೂ ಹತ್ತುವುದು ಕಷ್ಟ. ಮುತ್ತತ್ತಿ, ಭೀಮೇಶ್ವರಿಯ ಕಾವೇರಿಯಲ್ಲಿ ಸುಳಿಯ ಜೊತೆ ಮೊಸಳೆಯೂ ಇದೆ. ಮೇಲಾಗಿ ಅದು ಅಭಯಾರಣ್ಯ, ಅಲ್ಲಿಗೆ ನಾಯಿಯನ್ನು ಕರೆದೊಯ್ಯಲೇಬೇಡಿ. ಈಜು ಮುಗಿದ ಮೇಲೆ ಕಿವಿ ಒಳಗೆ ಹತ್ತಿಯಿಂದ ಒರೆಸಬೇಕು. ಪೂಡಲ್‌ನ ಕಿವಿ ಜೋತುಬಿದ್ದಿರುತ್ತದೆ, ಒಳಗೂ ಕೂದಲು, ತೇವ ನಿಂತರೆ ಕೀವು.

ಕೂದಲಿನ ವಿಷಯದಲ್ಲಿ ಷೋಕಿ ಬಿಡಿ. ನಮ್ಮ ಬೇಸಿಗೆಗೆ ಮೈಪೂರ್ತಿ ಅರ್ಧ ಅಂಗುಲಕ್ಕೆ ಕತ್ತರಿಸಿಬಿಡುವುದೇ ಸರಿ. ಗದ್ದೆಯಿಂದ ಬಂದ ಪ್ರತಿ ಸಂಜೆ ಬೆರಳ ಸಂದು, ಕಿವಿಯ ಹಿಂದೆ, ಕಂಕುಳಲ್ಲಿ ಉಣ್ಣೆ ಹುಡುಕಿ, ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು ಬೇಡ. ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಚಿಕೊಂಡರೆ ಉಣ್ಣೆಜ್ವರ ಇರಬಹುದು, ಅಂದೇ ಪಶು ಆಸ್ಪತ್ರೆಗೆ ಹೋಗಿ. ಊಟಕ್ಕೆ ರಾಗಿಮುದ್ದೆ ಹಾಕಿದರೆ ತಪ್ಪಿಲ್ಲ, ಆದರೆ ಬೆಳೆಯುವ ನಾಯಿಗೆ ಬರೀ ಮುದ್ದೆ ಸಾಲದು, ಮೊಟ್ಟೆ, ಮಾಂಸ, ಮೊಸರು ಬೇಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಕಲೆಸಬೇಡಿ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ಒಂದು ವರ್ಷ ತುಂಬುವವರೆಗೆ ಬೈಕಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ, ಎಳೆಯ ಮೂಳೆಗಳ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ.

ಕಬ್ಬಿನ ಗದ್ದೆಯೊಳಗೆ ಬಿಡಲೇಬಾರದು ಎಂಬುದು ನನ್ನ ಖಡಾಖಂಡಿತ ಮಾತು. ಗರಿಯ ಅಂಚು ಕಣ್ಣು ಕೊಯ್ಯುತ್ತದೆ. ಕೊಳಕುಮಂಡಲ ಇರುತ್ತದೆ. ಮಂಡ್ಯದ ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ಈಗ ಹೊಸ ಸುದ್ದಿಯೇ ಅಲ್ಲ, ಚಿರತೆಗೆ ನಾಯಿ ಎಂದರೆ ಸುಲಭದ ಊಟ. ಹಂದಿಗೆಂದು ಯಾರೋ ಕಟ್ಟಿದ ಕ್ಲಚ್ ವೈರಿನ ಉರುಳು, ಆಹಾರದಲ್ಲಿ ಸುತ್ತಿಟ್ಟ ಸಿಡಿಮದ್ದು ಇರಬಹುದು, ಎರಡೂ ಕಾನೂನುಬಾಹಿರ, ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ತೋಟದಮನೆಯ ಹೊರಗೆ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಚಿರತೆ ಬಂದರೆ ಓಡುವ ಅವಕಾಶವೂ ಇಲ್ಲ. ಕುರಿಗಾಹಿಗಳು ತಮ್ಮ ನಾಯಿಗಳಿಗೆ ಮುಳ್ಳಿನ ಪಟ್ಟಿ ಕಟ್ಟುವುದು ಇದಕ್ಕೇ. ಪೂಡಲ್ ರಾತ್ರಿ ಮನೆಯೊಳಗೇ ಮಲಗಬೇಕು. ಡಿಸೆಂಬರಿನ ನಂತರ ಕೊಕ್ಕರೆ ಬೆಳ್ಳೂರಿನ ಕಡೆ ಹೋಗುವುದಾದರೆ ಹಗ್ಗ ಬಿಚ್ಚಬೇಡಿ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯನ್ನು ಬಾಯಲ್ಲಿ ಹಿಡಿದು ಪ್ರೀತಿಯಿಂದ ನಿಮಗೆ ತಂದುಕೊಡುವುದು ಪೂಡಲ್‌ಗೆ ಸಹಜ. ಊರವರಿಗೆ ಅದು ಸಹಿಸಲಾಗದ ಕೆಲಸ, ಕಾಯ್ದೆಗೆ ಅಪರಾಧ.

ಉದ್ದ ಹಗ್ಗದ ಪಾಠ ಕೊನೆಯದು, ಬಹಳ ದಿನ ಹಿಡಿಯುವಂಥದ್ದು. ಮೂವತ್ತಡಿ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಿ, ಕುರಿಮಂದೆ ಕಾಣುವಷ್ಟು ದೂರದಲ್ಲಿ ನಿಲ್ಲಿ. ಮೊದಲೇ ಕುರಿಗಾಹಿಯ ಒಪ್ಪಿಗೆ ಕೇಳಿಕೊಂಡಿರಿ. ನಾಯಿ ಮಂದೆಯತ್ತ ದಿಟ್ಟಿಸಿ, ಕತ್ತು ಮುಂದೆ ಚಾಚಿ, ಒಂದು ಮುಂಗಾಲು ಎತ್ತಿದ ಗಳಿಗೆಯಲ್ಲೇ ಸೀಟಿ ಊದಬೇಕು. ಓಟ ಕಿತ್ತ ಮೇಲೆ ಊದಿದರೆ ತಡವಾಯಿತು. ತಿರುಗಿ ನೋಡಿದರೆ ಹಿಂದಕ್ಕೆ ಓಡುತ್ತ ಕರೆಯಿರಿ, ಬಂದ ಮೇಲೆ ಈಲಿ ಚೂರು ಧಾರಾಳವಾಗಿ ಸಿಗಲಿ. ತಿರುಗದಿದ್ದರೆ ಬೈಯುವುದು, ಜಗ್ಗುವುದು ಬೇಡ, ಇನ್ನೂ ನೂರಡಿ ಹಿಂದೆ ಹೋಗಿ ಮತ್ತೆ ಶುರು ಮಾಡಿ. ಕುರಿಯ ಮುಂದೆ ಗೆದ್ದ ಮೇಲೆ ಕೋಳಿ, ಕೋಳಿಯ ನಂತರ ದೂರದ ನವಿಲು. ಎಲ್ಲಕ್ಕಿಂತ ಕಠಿಣ ಪರೀಕ್ಷೆ ಮೊಲ, ಅದು ಕಾಲಡಿಯಿಂದಲೇ ದಿಢೀರನೆ ಎದ್ದು ಓಡುತ್ತದೆ. ಕೊಯ್ಲಾದ ಹುರುಳಿ ಹೊಲದಲ್ಲಿ ಮೊಲ ಎದ್ದಾಗ ಸೀಟಿಗೆ ನಾಯಿ ತಿರುಗಿ ಬಂದರೆ, ಅದೂ ಒಂದು ಸಲವಲ್ಲ, ಬೇರೆ ಬೇರೆ ಹೊಲಗಳಲ್ಲಿ ಹಲವು ಸಲ ಬಂದರೆ, ಹಗ್ಗವನ್ನು ಕೈಯಿಂದ ಬಿಟ್ಟು ನೆಲದಲ್ಲಿ ಎಳೆದಾಡಲು ಬಿಡಿ. ಒಂದೆರಡು ತಿಂಗಳು ಹಾಗೇ ನಡೆದ ಮೇಲೆ ಬಿಚ್ಚಬಹುದು. ಬಾರದಿದ್ದರೆ ಬೇಸರ ಬೇಡ, ಹಗ್ಗ ಹಾಗೇ ಇರಲಿ. ಕೆಲವು ನಾಯಿಗಳಿಗೆ ಎರಡು ವರ್ಷ ಹಿಡಿಯುತ್ತದೆ, ಕೆಲವಕ್ಕೆ ಹಗ್ಗ ಕೊನೆಯವರೆಗೂ ಬೇಕು.